ಶಾಂತಿ ಸಭೆ ಹಬ್ಬಕ್ಕಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಭಟ್ಕಳದಲ್ಲಿ ಹಬ್ಬ ಹತ್ತಿರವಾದರೆ ಶಾಂತಿ ಸಭೆ ಕರೆಯುತ್ತಾರೆ. ಹಿಂದೂ, ಮುಸ್ಲಿಂ ಎರಡೂ ಕಡೆಯ ಹಿರಿಯರು ಬಂದು, ಮಾತಾಡಿ, ಚಹಾ ಕುಡಿದು ಹೋಗುತ್ತಾರೆ. ಹದಿಹರೆಯದವರು, ಹೆಂಗಸರು ಅಲ್ಲಿ ಕಾಣುವುದೇ ಅಪರೂಪ. ಮೊಬೈಲಿನಲ್ಲಿ ಬಂದ ಸುಳ್ಳಿಗೆ ಸಿಟ್ಟಾಗುವವರು, ಹೆದರಿ ಬಾಗಿಲು ಹಾಕಿಕೊಳ್ಳುವವರು ಅವರೇ ಅಲ್ಲವೇ?

ನಾನು ಕ್ರೈಸ್ತ, ನಿವೃತ್ತ ಅಂಚೆ ಪೇದೆ. ನಾನು ಹೊಕ್ಕದ ಕೇರಿಯಿಲ್ಲ. ಮೀನುಗಾರ ಹಿಂದೂಗಳಾದ ಮೊಗೇರರ ಮನೆಗಳಲ್ಲಿ ಓದು ಬಾರದ ತಾಯಂದಿರು ಮುಂಬಯಿಯಿಂದ ಮಗ ಬರೆದ ಕಾಗದವನ್ನು ನನ್ನಿಂದಲೇ ಓದಿಸುತ್ತಿದ್ದರು. ಸಾಲ, ಸೊಸೆಯ ಜಗಳ, ಎಲ್ಲವೂ ಅದರಲ್ಲಿರುತ್ತಿತ್ತು. ಮನೆಯ ಗುಟ್ಟು ಬೇರೆ ಧರ್ಮದವನ ಕಿವಿಗೆ ಬಿತ್ತೆಂದು ಯಾರೂ ಅಂಜಲಿಲ್ಲ. ನವಾಯತ ಮುಸ್ಲಿಮರ ಓಣಿಯಲ್ಲಿ ಗಲ್ಫಿನ ಕಾಗದಕ್ಕಾಗಿ ಮಕ್ಕಳು ನನ್ನ ಸೈಕಲ್ಲಿನ ಹಿಂದೆ ಓಡಿ ಬರುತ್ತಿದ್ದರು.

1993ರ ಗಲಭೆಯನ್ನು ಕಂಡ ಊರು ಇದೇ. ಚೆನ್ನಪಟ್ಟಣ ಹನುಮಂತ ದೇವರ ರಥೋತ್ಸವಕ್ಕೆ ಮುಸ್ಲಿಂ ಮನೆತನದವರನ್ನು ಮನೆಗೇ ಹೋಗಿ ಆಮಂತ್ರಿಸುವ ವಾಡಿಕೆಯ ಊರೂ ಇದೇ. ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿಗಳನ್ನು ನೋಡಿ: ಒಂದೇ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರಿದ್ದಾರೆ. ಇದನ್ನು ನಮ್ಮ ಮಕ್ಕಳಿಗೆ ಯಾರು ಹೇಳುತ್ತಿದ್ದಾರೆ? ಈಗ ಬಾಡಿಗೆ ಮನೆ ಕೇಳಿ ಬಂದವರ ಹೆಸರು ಕೇಳಿದೊಡನೆ ‘ಖಾಲಿ ಇಲ್ಲ’ ಎನ್ನುವವರನ್ನು ಕಂಡು ನನಗೆ ಸಂಕಟವಾಗುತ್ತದೆ.

ತಾಲ್ಲೂಕು ಆಡಳಿತ ಈ ಸಭೆಗಳನ್ನು ಪ್ರೌಢಶಾಲೆಗಳಿಗೂ ಮೀನು ಮಾರುಕಟ್ಟೆಗೂ ತರಲಿ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲೇ ಮೊದಲನೆಯದು ನಡೆಯಲಿ. ಕಾಗದ ಹಂಚಿದ ಕೇರಿಗಳಿಗೆ ಆಮಂತ್ರಣ ಹಂಚಲು ನಾನು ಸಿದ್ಧ.

– ನಿವೃತ್ತ ಅಂಚೆ ಪೇದೆ, ಭಟ್ಕಳ