ಆಫರ್ ಒಪ್ಕೊಳ್ಳೋ ಮುಂಚೆ ಇದನ್ನೊಂದ್ಸಲ ಓದಿ

ಎಲ್ರಿಗೂ ನಮಸ್ಕಾರ. ಈ ವಾರ ಗ್ರೂಪಲ್ಲಿ ಮೂರ್ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದೀರ, ಸಂಬಳ ಜಾಸ್ತಿ ಇರೋ ಕಡೆ ಹೋಗ್ಲಾ ಇಲ್ಲ ಮನಸ್ಸಿಗೆ ಹಿಡಿಸೋ ಕೆಲಸಕ್ಕೆ ಹೋಗ್ಲಾ ಅಂತ, ಅದಕ್ಕೆ ಎಲ್ರಿಗೂ ಸೇರಿಸಿ ಇಲ್ಲೇ ಬರೀತಿದೀನಿ.

ನಾನು ಜನಕ್ಕೆ ಉಪಯೋಗ ಆಗೋ ಪ್ರಾಡಕ್ಟ್ ಅಂತ ಕಮ್ಮಿ ಸಂಬಳಕ್ಕೆ ಸೇರ್ದೋನು, ಕೆಲಸ ನಿಜವಾಗ್ಲೂ ಇಷ್ಟ ಆಗಿತ್ತು, ಆದ್ರೆ ಆನ್‌ಕಾಲ್‌ಗೆ (ಆಫೀಸ್ ಟೈಮ್ ಆದ್ಮೇಲೂ ಸಿಸ್ಟಮ್ ಕೆಟ್ರೆ ತಕ್ಷಣ ಎದ್ದು ನೋಡೋ ಪಾಳಿ) ಇದ್ದಿದ್ದು ಇಬ್ರೇ, ವಾರ ಬಿಟ್ಟು ವಾರ ಮಧ್ಯರಾತ್ರಿ ಅಲರ್ಟ್ ಬರ್ತಿತ್ತು, ಒಂದೂವರೆ ವರ್ಷದಲ್ಲಿ ಆ ಇಷ್ಟನೇ ಹೋಗ್ಬಿಡ್ತು. ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ), ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) ಸೇರಿ 2021ರಲ್ಲಿ ಹೇಳಿದ್ದು ನೋಡಿ, ವಾರಕ್ಕೆ 35-40 ಗಂಟೆ ಕೆಲಸ ಮಾಡೋರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯೋರಿಗೆ ಸ್ಟ್ರೋಕ್ ರಿಸ್ಕ್ ಅಂದಾಜು 35% ಜಾಸ್ತಿ.

ಸಂಬಳದ ಜೊತೆ ಕಂಪನಿ ಷೇರು ಕೊಡ್ತೀವಿ ಅಂದ್ರೆ ವೆಸ್ಟಿಂಗ್ ಕೇಳಿ, ಅಂದ್ರೆ ಆ ಷೇರು ಎಷ್ಟು ವರ್ಷದಲ್ಲಿ ಪೂರ್ತಿ ನಿಮ್ದಾಗುತ್ತೆ ಅಂತ. ಸಾಮಾನ್ಯವಾಗಿ 4 ವರ್ಷ, ಮೊದಲ 1 ವರ್ಷ ತುಂಬೋ ಮುಂಚೆ ಬಿಟ್ರೆ ಏನೂ ಸಿಗಲ್ಲ. ಷೇರು ಮಾರುಕಟ್ಟೆಲಿ ಲಿಸ್ಟ್ ಆಗದಿರೋ ಕಂಪನಿ ಷೇರನ್ನ ಸಂಬಳದ ಲೆಕ್ಕಕ್ಕೆ ದಯವಿಟ್ಟು ಸೇರಿಸ್ಬೇಡಿ.

ಹಾಗಂತ ದುಡ್ಡೊಂದೇ ನೋಡಿ ಅಂತಿಲ್ಲ, ಯಾರೂ ಬಳಸದಿರೋ ಫೀಚರನ್ನ ವರ್ಷಗಟ್ಟಲೆ ಮಾಡ್ತಾ ಕೂರೋದೂ ಮನುಷ್ಯನ್ನ ಒಳಗಿಂದ ತಿನ್ನುತ್ತೆ. ಆದ್ರೆ ಸಾಲ, ಮನೆ ಜವಾಬ್ದಾರಿ ಇರೋರು ಸಂಬಳ ಆರಿಸ್ಕೊಂಡ್ರೆ ಅವರನ್ನ ಇಲ್ಲಿ ಯಾರೂ ಹೀಯಾಳಿಸ್ಬೇಡಿ, ನಿನ್ನೆ ಗ್ರೂಪಲ್ಲಿ ಹಾಗೆ ಹೀಯಾಳಿಸಿದ್ದು ನೋಡಿ ನಂಗೆ ತುಂಬ ಬೇಜಾರಾಯ್ತು.

ಇನ್ನೊಂದು, ಮ್ಯಾನೇಜರ್‌ನ ಮಾತ್ರ ಕೇಳ್ಬೇಡಿ, ಟೀಮಲ್ಲಿರೋರನ್ನ ಕೇಳಿ, ಹೋದ್ಸಲ ರಜೆ ಹಾಕ್ದಾಗ ಲ್ಯಾಪ್‌ಟಾಪ್ ತೆಗೀಬೇಕಾಯ್ತಾ ಅಂತ. ಆಫರ್ ಕೈಲಿರೋರು ಕೆಲಸದ ಟೈಮು, ಆನ್‌ಕಾಲ್, ನೋಟಿಸ್ ಪೀರಿಯಡ್ ಇಷ್ಟು ಬರೆದು ಇಲ್ಲಿ ಹಾಕಿ, ಕಂಪನಿ ಹೆಸರು ಬೇಡ, ಕೂತು ನೋಡೋಣ.