ಅಳಿಯನಿಗೊಂದು ಕಾಗದ: ಎಲ್ಲದಕ್ಕೂ ‘ವೈ’ ಒತ್ತುವ ಮುನ್ನ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಹೊಲದ ಪಂಪ್‌ಸೆಟ್‌ಗೆ ಕೂರಿಸುವ ಮೋಡೆಮ್ ಪೆಟ್ಟಿಗೆಗೆ ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟುತ್ತಿದ್ದೇನೆ, ಪಿಪಿಪಿ (ಲೈನಿನ ಎರಡು ತುದಿಯ ಯಂತ್ರಗಳನ್ನು ಜೋಡಿಸುವ ಪದ್ಧತಿ) ಕೆಳಗೆ ಕಂಡದ್ದಕ್ಕೆಲ್ಲ ‘ವೈ’, ಅಂದರೆ ‘ಇರಲಿ’, ಒತ್ತಿಬಿಟ್ಟೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅವತ್ತಿನಿಂದ ಅದೇ ತಲೆಯಲ್ಲಿದೆ. ಕರ್ನಲ್‌ನಲ್ಲಿ ಏನೇನು ಇರಬೇಕೆಂದು ಆರಿಸುವ ಮೆನುಕಾನ್ಫಿಗ್ ಪರದೆಯಲ್ಲಿ ಯಾವ ಸಾಲಿನ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೂ ಅದರ ವಿವರಣೆ ಬರುತ್ತದಪ್ಪ. ಬರೆದವರು ಪುಣ್ಯ ಕಟ್ಟಿಕೊಂಡಿದ್ದಾರೆ, ಓದು.

ಡೇಟಾ ಕುಗ್ಗಿಸುವ ಕಂಪ್ರೆಶನ್‌ಗೆ ಅಲ್ಲಿ ಎರಡು ದಾರಿ: ಬಿಎಸ್‌ಡಿ ಕಂಪ್ರೆಸ್, ಡಿಫ್ಲೇಟ್. ಮೊದಲನೆಯದಕ್ಕೆ ಹಿಂದೆ ಪೇಟೆಂಟಿನ ತೊಡಕಿತ್ತು. ಎರಡನೆಯದು ಫೈಲ್ ಕುಗ್ಗಿಸುವ ಜಿಜಿಪ್ ಪ್ರೋಗ್ರಾಮ್ ಬಳಸುವ ವಿಧಾನವೇ, ಚೆನ್ನಾಗಿ ಕುಗ್ಗಿಸುತ್ತದೆ, ಆ ತೊಡಕೂ ಇಲ್ಲ. ಆದರೆ ತಂತಿಯ ಆಚೆ ತುದಿಯವನೂ ಒಪ್ಪಬೇಕು. ಅವನು ಒಲ್ಲೆ ಅಂದರೆ ನಿನ್ನ ‘ವೈ’ ಕಾನ್ಫಿಗ್ ಫೈಲಿನಲ್ಲೇ ಉಳಿಯುತ್ತದೆ, ಒಂದು ಬೈಟೂ ಕುಗ್ಗುವುದಿಲ್ಲ. ನಿನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಸಂಗತಿ ಇದೆ. ಮೊಬೈಲ್ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಪಿಪಿಪಿ ಮೋಡೆಮ್‌ನೊಳಗೇ ಮುಗಿದುಹೋಗುತ್ತದೆ. ಹಾಗಾಗಿ ಪೆಟ್ಟಿಗೆಗೂ ಮೋಡೆಮ್‌ಗೂ ನಡುವಿನ ಸೀರಿಯಲ್ ತಂತಿಯಲ್ಲಿ ಎಷ್ಟು ಹಿಂಡಿದರೂ ಸಿಮ್‌ನ ಡೇಟಾ ಲೆಕ್ಕ ಇಳಿಯದು. ಮೇಲಾಗಿ ನೀನು ಕಳಿಸುವುದು ಟಿಎಲ್‌ಎಸ್ ಎಂಬ ಸುರಕ್ಷಾ ಪದ್ಧತಿಯಲ್ಲಿ ಗೂಢಲಿಪಿಯಾದ ಡೇಟಾ. ಅದು ಕುಗ್ಗದು, ಹಿಂಡಲು ಹೋದರೆ ದಂಡವಾಗುವುದು ಪ್ರೊಸೆಸರಿನ ಸಮಯ. ಕುಗ್ಗಿಸುವುದಿದ್ದರೆ ಗೂಢಲಿಪಿ ಮಾಡುವ ಮುಂಚೆ, ನಿನ್ನ ಪ್ರೋಗ್ರಾಮಿನಲ್ಲೇ ಕುಗ್ಗಿಸು.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಪಿಪಿಪಿ ಫಿಲ್ಟರ್ ಬಗ್ಗೆ. ಡಯಲ್-ಅಪ್ ಕಾಲದಲ್ಲಿ ನಮ್ಮ ಆಫೀಸಿನ ಲಿನಕ್ಸ್ ಯಂತ್ರಕ್ಕೆ, ಹತ್ತು ನಿಮಿಷ ಸುಮ್ಮನಿದ್ದರೆ ಲೈನ್ ಕಡಿದುಬಿಡು ಅಂತ ಐಡಲ್ 600 (ಸೆಕೆಂಡು) ಕೊಟ್ಟಿದ್ದೆ. ಲೈನ್ ಕಡಿಯಲೇ ಇಲ್ಲ. ಬಿಲ್ ಬಂದಾಗ ನನ್ನ ಕೈ ನಡುಗಿತು. ಆಮೇಲೆ ಲೈನಿನಲ್ಲಿ ಹೋಗಿಬರುವ ಡೇಟಾ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿದರೆ, ಗಡಿಯಾರ ಸರಿಪಡಿಸಿಕೊಳ್ಳುವ ಎನ್‌ಟಿಪಿ ಪ್ಯಾಕೆಟ್‌ಗಳು ಕೆಲವು ನಿಮಿಷಕ್ಕೊಮ್ಮೆ ಹೋಗಿಬರುತ್ತಿದ್ದವು. ಪ್ರತಿ ಸಲವೂ ಐಡಲ್ ಎಣಿಕೆ ಸೊನ್ನೆಯಿಂದ ಶುರು.

ಇದಕ್ಕೆ ಮದ್ದು, ಆ ಪಿಪಿಪಿ ಫಿಲ್ಟರ್ ಇದ್ದರೆ ಸಿಗುವ ಆ್ಯಕ್ಟಿವ್-ಫಿಲ್ಟರ್. ಯಾವ ಪ್ಯಾಕೆಟ್ಟನ್ನು ಚಟುವಟಿಕೆ ಅಂತ ಎಣಿಸಬೇಕು ಅನ್ನುವುದನ್ನು ಅದಕ್ಕೆ ಟಿಸಿಪಿಡಂಪ್‌ನ ಭಾಷೆಯಲ್ಲೇ ಹೇಳುತ್ತೇವೆ. ‘ನಾಟ್ ಯುಡಿಪಿ ಪೋರ್ಟ್ 123’ ಅಂದರೆ, ಗಡಿಯಾರದ ಪ್ಯಾಕೆಟ್ ಹೋಗುತ್ತದೆ, ಆದರೆ ಲೈನನ್ನು ಎಚ್ಚರವಿಡುವುದಿಲ್ಲ. ಪಾಸ್-ಫಿಲ್ಟರ್ ಬೇರೆ, ಅದು ಒಪ್ಪದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುತ್ತದೆ. ಎರಡನ್ನೂ ಅದಲುಬದಲು ಮಾಡಿಕೊಂಡರೆ ಹೊಲದ ಪೆಟ್ಟಿಗೆಯ ಗಡಿಯಾರವೇ ತಪ್ಪೀತು, ಹುಷಾರು. ಕರ್ನಲ್‌ನಲ್ಲಿ ಫಿಲ್ಟರ್ ಇದ್ದು ಪಿಪಿಪಿ ಸಂಪರ್ಕ ನಡೆಸುವ ಪ್ರೋಗ್ರಾಮ್ ಪಿಪಿಪಿಡಿಯನ್ನು ಫಿಲ್ಟರ್ ಬಿಟ್ಟು ಕಟ್ಟಿದ್ದರೂ ಕೆಲಸ ಆಗದು, ಎರಡು ಕಡೆಯೂ ಬೇಕು.

ಹಾಗಾಗಿ ಫಿಲ್ಟರ್ ಇಟ್ಟುಕೋ, ಬಿಎಸ್‌ಡಿ ಕಂಪ್ರೆಸ್ ತೆಗೆದುಹಾಕು. ಡಿಫ್ಲೇಟ್ ಇದ್ದರೆ ಕೇಡಿಲ್ಲ, ‘ಎಂ’ (ಬೇಕಾದಾಗ ಸೇರಿಸಿಕೊಳ್ಳುವ ಮಾಡ್ಯೂಲ್) ಮಾಡಿ ಬಿಡು. ಆಮೇಲೆ ಪಿಪಿಪಿಡಿಗೆ ಡೀಬಗ್ ಹಾಕಿ, ಕಂಪ್ರೆಶನ್ ಮಾತುಕತೆಯಲ್ಲಿ ಮೋಡೆಮ್ ಏನು ಉತ್ತರ ಕೊಟ್ಟಿತು ಅನ್ನುವ ಲಾಗ್ ಕಳಿಸು. ಭಾನುವಾರ ಕೂತು ನೋಡೋಣ. ನಿನ್ನ ಅತ್ತೆ ಹುರಿಗಾಳು ಕಟ್ಟಿಟ್ಟಿದ್ದಾಳೆ, ಬಂದರೆ ತಗೊಂಡು ಹೋಗು.

ಇತಿ, ನಿನ್ನ ಮಾವ