ವಿಷಯ: ಮಗಳ ಕಾಲೇಜಿನ ದುಡ್ಡಿಗೆ ನೀವು ಹಾಕಿಸಿದ ತೆರಿಗೆ

ಮಾನ್ಯರೇ,

ಹೋದ ದೀಪಾವಳಿಗೆ ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ನಿಮ್ಮ ಟ್ಯಾಕ್ಸ್ ಆಫೀಸಿನ ಜಾಹೀರಾತು ಕನ್ನಡದಲ್ಲಿತ್ತು. ಹಾಗಾಗಿ ದೂರೂ ಕನ್ನಡದಲ್ಲೇ ಇರಲಿ. ನಾಲ್ಕು ಸಲ ಫೋನ್ ಮಾಡಿದೆ. "ನೋಡ್ತೀವಿ" ಅಂದಿರಿ. ಇನ್ನೂ ನೋಡ್ತಾನೇ ಇದ್ದೀರಿ.

2024ರ ಲೆಕ್ಕ ಇಷ್ಟೇ. ಮಗಳದ್ದು ಮೊದಲ ವರ್ಷ, ಸ್ಕಾಲರ್‌ಶಿಪ್ ಇಲ್ಲ. ಟ್ಯೂಷನ್ 14,000 ಡಾಲರ್, ಕಾಲೇಜಿನ ಹಾಸ್ಟೆಲ್ಲು ಊಟ ಸೇರಿ 12,000. ಓದಿನ ಖರ್ಚಿಗೆ ಬಳಸಿದರೆ ಗಳಿಕೆಗೆ ತೆರಿಗೆ ಬೀಳದ 529 ಉಳಿತಾಯ ಖಾತೆಯಿಂದ ತೆಗೆದದ್ದು 22,000. ಉಳಿದ 4,000 ಬೇಕಂತಲೇ ಕೈಯಿಂದ ಕಟ್ಟಿದೆವು. ಅಷ್ಟು ಟ್ಯೂಷನ್ ತೋರಿಸಿದರೆ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್, ಅಂದರೆ ಕಾಲೇಜು ಓದಿಗೆ ಸಿಗುವ ತೆರಿಗೆ ರಿಯಾಯಿತಿ, ಪೂರ್ತಿ 2,500 ಸಿಗುತ್ತದೆ. ಅದಕ್ಕಿರುವ ಆದಾಯದ ಮಿತಿ 1,60,000, ನಮ್ಮದು ದಾಟಿಲ್ಲ. ಒಂದೇ ಖರ್ಚನ್ನು ಎರಡು ಕಡೆ ತೋರಿಸಬಾರದು, ತೋರಿಸಿಲ್ಲ. ಹಾಸ್ಟೆಲ್ ಖರ್ಚು ಕ್ರೆಡಿಟ್ಟಿಗೆ ಬರಲ್ಲ, 529ಕ್ಕೆ ಬರುತ್ತದೆ. ಇದೆಲ್ಲ ನಿಮಗೆ ನಾನು ಹೇಳಿಕೊಡಬೇಕಾ?

ನೀವು 529ರಿಂದ ತೆಗೆದ ದುಡ್ಡಿನ ಲೆಕ್ಕ ತೋರಿಸುವ 1099-ಕ್ಯೂ ಫಾರಂನ ಎರಡನೇ ಬಾಕ್ಸಿನ 7,000 ಗಳಿಕೆಯನ್ನು ಹಾಗೇ ಎತ್ತಿ ನಮ್ಮ ಆದಾಯಕ್ಕೆ ಸೇರಿಸಿದಿರಿ. ತೆರಿಗೆ 1,540. ಜೊತೆಗೆ ಆ ಗಳಿಕೆಯ ಶೇ 10ರ ದಂಡ, 700. ಬರಬೇಕಿದ್ದ 2,500 ಕ್ರೆಡಿಟ್ ಸೊನ್ನೆ. ಒಟ್ಟು 4,740 ಡಾಲರ್ ಹೋಯಿತು. ಅಲ್ಲದೆ ದುಡ್ಡು ನೇರ ಕಾಲೇಜಿಗೆ ಹೋಗಿತ್ತು, ಫಾರಂ ಮಗಳ ಹೆಸರಲ್ಲಿತ್ತು. ತೆರಿಗೆ ಬೀಳುವುದಿದ್ದರೂ ಅವಳ ರಿಟರ್ನ್‌ನಲ್ಲಿ ತಾನೇ ಬೀಳಬೇಕು?

ಕೇಳೋಣ ಅಂತ ಶನಿವಾರ ಬೆಳಗ್ಗೆ ಫೈಲು ಹಿಡಿದು ಬಂದೆ. ಐದಾರು ಜನ ಕಾಯ್ತಿದ್ದರು. ನಿಮ್ಮ ಹುಡುಗ ಫೈಲು ಬಿಚ್ಚಲಿಲ್ಲ, ಅದರ ಮೇಲಿದ್ದ ಫಾರಂ ಮೇಲೆ ಕಾಫಿ ಲೋಟ ಇಟ್ಟ. "ಆಂಟಿ, ಅಂಕಲ್ ಬರಲಿಲ್ವಾ?" ಇಲ್ಲಪ್ಪ, ಮನೆ ಲೆಕ್ಕ ನೋಡೋದು ನಾನೇ ಅಂದೆ. "ಪರವಾಗಿಲ್ಲ, ಸಿಂಪಲ್ಲಾಗಿ ಹೇಳ್ತೀನಿ" ಅಂತ ಬಿಳಿ ಹಾಳೆ ತಗೊಂಡು ಚಿತ್ರ ಬರೆದ. ಎಡಕ್ಕೊಂದು ಹುಂಡಿ, ಬಲಕ್ಕೊಂದು ಪದವಿ ಟೋಪಿ, ನಡುವೆ ದಪ್ಪ ಗೆರೆ. "529 ತಗೊಂಡ್ರೆ ಕ್ರೆಡಿಟ್ ಇಲ್ಲ. ಎರಡೂ ಬೇಕು ಅಂದ್ರೆ ಹೇಗೆ, ಆಂಟಿ?" ಹಾಸ್ಟೆಲ್ ಬಿಲ್ ಮುಂದೆ ಇಟ್ಟೆ. "ಇದು ಊಟದ ಬಿಲ್ಲು, ಓದಿನದ್ದಲ್ಲ" ಅಂದ. ಹಿಂದೆ ಯಾರೋ ಕಿಸಕ್ಕಂತ ನಕ್ಕರು. ಹಾಳೆಯನ್ನು ನೀಟಾಗಿ ಮಡಚಿ ನನ್ನ ಕೈಗಿಟ್ಟ: "ಅಂಕಲ್‌ಗೆ ತೋರಿಸಿ, ಅವರಿಗೆ ಅರ್ಥ ಆಗುತ್ತೆ." ಲೋಟ ಎತ್ತಿದಾಗ ಮಗಳ ಹೆಸರಿನ ಸುತ್ತ ಕಾಫಿ ಕಲೆ, ಬಳೆಯಷ್ಟು ಗುಂಡಗೆ.

ಆ ಹಾಳೆಯ ನಕಲು ಇದರ ಜೊತೆ ಇಟ್ಟಿದ್ದೇನೆ. ಬೇರೆ ಏನು ತಪ್ಪಿದ್ದರೂ ಟೋಪಿ ಮಾತ್ರ ಸರಿಯಾಗಿ ಹಾಕಿದ್ದೀರಿ.

ಹದಿನೈದು ದಿನದೊಳಗೆ 1040-ಎಕ್ಸ್ ತುಂಬಿ ತಿದ್ದಿದ ರಿಟರ್ನ್ ಕಳಿಸಿ. ಇದಕ್ಕೆ ಬೇರೆ ಫೀಸು ಅಂತ ಬಾಯಿ ಬಿಡಬೇಡಿ. ಮೊದಲು ತಗೊಂಡ ಫೀಸನ್ನೂ ವಾಪಸ್ ಕೊಡಿ. ಕೊಡದಿದ್ದರೂ ಬೇಜಾರಿಲ್ಲ. ಟ್ಯಾಕ್ಸ್ ಮಾಡಿಕೊಡುವವರ ಮೇಲೆ ದೂರು ಕೊಡಲು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನದ್ದೇ 14157 ಅಂತ ಒಂದು ಫಾರಂ ಇದೆ. ತುಂಬಿ ಇಟ್ಟಾಗಿದೆ, ಸಹಿ ಒಂದು ಬಾಕಿ.

ಗಣೇಶನ ಹಬ್ಬಕ್ಕೂ ಕೂಟದಲ್ಲಿ ನಿಮ್ಮದೇ ಸ್ಟಾಲ್ ಅಂತೆ. ನಾನು ಆ ಹಾಳೆ ಹಿಡಿದು ಖಂಡಿತ ಬರ್ತೀನಿ. ಅಂಕಲ್ ಬರಲ್ಲ.

ಇಂತಿ,
ನಿಮ್ಮ ಹುಡುಗನ ಆಂಟಿ